ತೋಟೆ ಒತ್ತುವ ಯಂತ್ರದ ಎಣ್ಣೆ ಪುರಾಣ

ನಾನು ಎರಕದ ಕಬ್ಬಿಣದ ಒಂದು ಯಂತ್ರ. ಹಾರಿಸಿ ಖಾಲಿಯಾದ ಕೋವಿ ತೋಟೆಗಳಿಗೆ ಕಿಡಿ ಹೊತ್ತಿಸುವ ಹೊಸ ಕ್ಯಾಪು ಕೂರಿಸಿ, ಮದ್ದು, ಸೀಸದ ಗುಂಡು ತುಂಬಿ, ಬಾಯಿ ಮುಚ್ಚಿ ಮತ್ತೆ ಹಾರುವಂತೆ ಮಾಡಿಕೊಡುವುದು ನನ್ನ ಕಸುಬು. ಎತ್ತರ ಒಂದೂವರೆ ಅಡಿ, ತೂಕ ಹದಿನಾರು ಕಿಲೋ, ಬಣ್ಣ ಒಂದಾನೊಂದು ಕಾಲದಲ್ಲಿ ಹಸಿರು. ರೂಪದ ಬಗ್ಗೆ ನನಗೆ ಭ್ರಮೆಯೇನಿಲ್ಲ. ಕಬ್ಬಿನ ಹಾಲಿನ ಗಾಣದ ತಮ್ಮನ ಹಾಗೆ ಕಾಣುತ್ತೇನೆಂದು ಯಾರೋ ಹೇಳಿದಾಗಲೂ ಬೇಸರ ಮಾಡಿಕೊಳ್ಳಲಿಲ್ಲ. ಆದರೆ ಊಟದ ವಿಷಯದಲ್ಲಿ ನಾನು ಕಟ್ಟುನಿಟ್ಟು. ನನ್ನ ಊಟವೆಂದರೆ ಎಣ್ಣೆ. ಯಾವ ಎಣ್ಣೆ, ಎಷ್ಟು ಎಣ್ಣೆ ಎಂಬ ಒಂದು ಪ್ರಶ್ನೆಯ ಸುತ್ತಲೇ ನನ್ನ ಆಯುಷ್ಯ ಕಳೆದಿದೆ.

ನಾನು ಹುಟ್ಟಿದ್ದು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ. ಅಲ್ಲಿ ತಯಾರಾಗುತ್ತಿದ್ದುದೆಲ್ಲ ನೀರೆತ್ತುವ ಪಂಪುಗಳು. ಸೈನ್ಯದಿಂದ ನಿವೃತ್ತರಾಗಲು ಆರು ತಿಂಗಳಿದ್ದ ಕೊಡಗಿನ ಸುಬೇದಾರ್ ಉತ್ತಯ್ಯನವರು ಯಾವುದೋ ವಿದೇಶಿ ಪುಸ್ತಕದ ಚಿತ್ರ ನೋಡಿ, ಕಾಗದದ ಮೇಲೆ ನನ್ನ ನಕ್ಷೆ ಬರೆದುಕೊಂಡು ಬಂದಿದ್ದರು. ಫೌಂಡ್ರಿಯ ಮೇಸ್ತ್ರಿ ಬಾಳಪ್ಪ ನನ್ನನ್ನು ಅಚ್ಚಿನಿಂದ ಹೊರತೆಗೆದು, ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ನೀರ ಎತ್ತೂದಿಲ್ಲೇನ್ರಿ ಸಾಹೇಬ್ರ?" ಎಂದು ಕೇಳಿದ. ಇಲ್ಲವೆಂದು ತಿಳಿದಾಗ ಅವನಿಗೆ ನನ್ನ ಬಗ್ಗೆ ಸ್ವಲ್ಪ ಕನಿಕರವೇ ಬಂತು. ಆದರೂ ಪಂಪಿಗೆ ಹಚ್ಚುವ ಕಪ್ಪು ಗ್ರೀಸನ್ನೇ ನನಗೂ ಪ್ರೀತಿಯಿಂದ ಬಳಿದು, ಗೋಣಿಚೀಲ ಸುತ್ತಿ ಕಳಿಸಿಕೊಟ್ಟ.

ಕೊಡಗಿಗೆ ಬಂದು ಸುಬೇದಾರರ ಮನೆಯ ಕಿಟಕಿಯ ಪಕ್ಕದ ಮೇಜಿನ ಮೇಲೆ ಕೂತೆ. ನನ್ನ ಅಂಗಾಂಗಗಳನ್ನು ಹೇಳಿಬಿಡುತ್ತೇನೆ, ಬಹಳವೇನಿಲ್ಲ. ಬದಿಯಲ್ಲೊಂದು ಹಿಡಿ. ನಡುವೆ ಮೇಲೆ ಕೆಳಗೆ ಓಡಾಡುವ ನುಣುಪಾದ ದಂಡ. ಕೆಳಗೆ ಎರಡು ಕೀಲು. ತೋಟೆಯನ್ನು ದಂಡದ ತಲೆಯ ಮೇಲೆ ನಿಲ್ಲಿಸಿ ಹಿಡಿ ಎಳೆದರೆ ಮಿಕ್ಕ ಕೆಲಸ ನನ್ನದು. ಸುಬೇದಾರರು ಮಿಲಿಟರಿಯ ಮನುಷ್ಯ. ವಾರಕ್ಕೊಮ್ಮೆ ಎಣ್ಣೆ ಕೊಟ್ಟು, ಹಳೆಯ ಬನಿಯನ್ನಿನ ತುಂಡಿನಿಂದ ಎಳೆಮಗುವಿನ ಮೈ ಒರೆಸಿದಂತೆ ಒರೆಸುತ್ತಿದ್ದರು. ಹನ್ನೊಂದು ವರ್ಷ ನಾನು ಅಲ್ಲಿ ಹಾಯಾಗಿದ್ದೆ.

ಆಮೇಲೆ ಸುಬೇದಾರರ ಕಣ್ಣು ಮಂಜಾಯಿತು. ದೂರದ್ದು ಚೆನ್ನಾಗಿಯೇ ಕಾಣುತ್ತಿತ್ತು, ಕೈಯಲ್ಲಿದ್ದ ಕ್ಯಾಪು ಮಾತ್ರ ಕಾಣುತ್ತಿರಲಿಲ್ಲ. ಅಳತೆ ತಪ್ಪಿದರೆ ಅಪಾಯ ಎಂದು ಅವರೇ ನಿರ್ಧರಿಸಿ, ನನ್ನನ್ನು ಜೀಪಿನಲ್ಲಿ ಹೇರಿಕೊಂಡು ವಿರಾಜಪೇಟೆಯ ಪೇಟೆಬೀದಿಗೆ ಬಂದು, ಕೋವಿ ರಿಪೇರಿ ಮಾಡುವ ಐತಪ್ಪ ಆಚಾರಿಯ ಅಂಗಡಿಗೆ ಒಪ್ಪಿಸಿದರು. ಅಂಗಡಿಯ ಗೋಡೆಯಲ್ಲಿ ಸರ್ಕಾರದ ಪರವಾನಗಿ ಗಾಜಿನ ಚೌಕಟ್ಟಿನೊಳಗೆ ತೂಗುತ್ತಿತ್ತು. ಅದೇ ಅಂಗಡಿಯ ಮುಂಭಾಗದಲ್ಲಿ ಆಚಾರಿಯ ಹೆಂಡತಿ ವಾರಿಜಾ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ, ಲಂಗ ಹೊಲಿಯುತ್ತಿದ್ದಳು. ಹೀಗೆ ಹಿಂದೆ ಕೋವಿ, ಮುಂದೆ ರವಿಕೆ. ನನಗೂ ಆ ಹೊಲಿಗೆ ಯಂತ್ರಕ್ಕೂ ನಡುವೆ ಒಂದು ಹಲಗೆಯ ಗೋಡೆ ಮಾತ್ರ.

ಆಚಾರಿ ಕೈಕೆಲಸದಲ್ಲಿ ಬಹಳ ನಿಸ್ಸೀಮ. ಕೋವಿಯ ಕುದುರೆಯ ಮುರಿದ ಸ್ಪ್ರಿಂಗನ್ನು ಅರ್ಧ ದಿನದಲ್ಲಿ ಹೊಸದಾಗಿ ಮಾಡಿಕೊಡುವವನು. ಅವನಿಗಿದ್ದದ್ದು ಒಂದೇ ದೌರ್ಬಲ್ಯ. ಯಂತ್ರಕ್ಕೆ ಎಣ್ಣೆ ಎಷ್ಟು ಕೊಟ್ಟರೂ ಕಡಿಮೆಯೇ ಎಂದು ಅವನು ನಂಬಿದ್ದ. ಮನೆಗೆ ಬಂದ ನೆಂಟನಿಗೆ ಬಡಿಸುವ ಹಾಗೆ, ಬೇಡವೆಂದಷ್ಟೂ ಸುರಿಯುತ್ತಿದ್ದ.

ಮೊದಲನೆಯ ವರ್ಷ ಆಯುಧಪೂಜೆಯ ದಿನ ನನಗೆ ಅರಿಶಿನ ಕುಂಕುಮ ಹಚ್ಚಿ, ಪೂಜೆಗಿಟ್ಟಿದ್ದ ತೆಂಗಿನೆಣ್ಣೆಯನ್ನೇ ದಂಡಕ್ಕೆ ಎರೆದ. ದೇವರ ಮುಂದೆ ಇಟ್ಟದ್ದು, ಇದಕ್ಕಿಂತ ಶುದ್ಧವಾದದ್ದು ಯಾವುದುಂಟು ಎಂದು ಅವನ ಲೆಕ್ಕ. ನನಗೂ ಘಮಘಮ ಎನಿಸಿತು. ಆದರೆ ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಆಚಾರಿ ಹಿಡಿ ಎಳೆದರೆ ನಾನು ಜಪ್ಪಯ್ಯ ಎನ್ನಲಿಲ್ಲ. ಎಣ್ಣೆ ನನ್ನ ಮೈಯೊಳಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅವನು ಒಂದು ಕಾಲನ್ನು ಗೋಡೆಗೆ ಕೊಟ್ಟು ಎಳೆದ. ಕೊನೆಗೆ ವಾರಿಜಾ ಕೆಂಡದ ಬಟ್ಟಲು ತಂದು ನನ್ನ ಕೆಳಗಿಟ್ಟಳು, ಅಲ್ಲಿದ್ದ ಮದ್ದಿನ ಡಬ್ಬಿ ನೋಡಿ ಆಚಾರಿ ಕೆಂಡದ ಬಟ್ಟಲನ್ನು ಹಿಡಿದುಕೊಂಡು ಬೀದಿಗೇ ಓಡಿದ. ಆ ದಿನ ಬಿಸಿಲು ಏರುವ ತನಕ ಅಂಗಡಿಗೆ ರಜೆ.

ಎರಡನೆಯ ಪ್ರಯೋಗ ಲಾರಿಯ ಎಂಜಿನ್ ಎಣ್ಣೆ. ಅದು ಮಂದವಾಗಿ, ಕರ್ರಗೆ, ಕಷಾಯದ ಹಾಗೆ ಇತ್ತು. ನನ್ನಿಂದ ಸೋರಿ ಮೇಜಿನ ಮೇಲೆ ಕೆರೆ ಕಟ್ಟಿತು. ಮೂರನೆಯದು ಗ್ರೀಸು. ಕೀಲುಗಳಿಗೆ ಗ್ರೀಸು ನನಗೆ ಇಷ್ಟವೇ, ಅದು ಹಾಕಿದ ಜಾಗ ಬಿಟ್ಟು ಕದಲುವುದಿಲ್ಲ. ಆದರೆ ಆಚಾರಿ ದಂಡಕ್ಕೂ ಬೆಣ್ಣೆ ಮೆತ್ತಿದಂತೆ ಮೆತ್ತಿದ. ಮದ್ದಿನ ಧೂಳು, ಹಳೆಯ ಕ್ಯಾಪುಗಳ ಮಸಿ ಎಲ್ಲವೂ ಅದಕ್ಕೆ ಅಂಟಿಕೊಂಡು ಮರಳು ಬೆರೆತ ಚಟ್ನಿಯಾಯಿತು. ಹಿಡಿ ಎಳೆದಾಗಲೆಲ್ಲ ನಾನು ಕಿರುಗುಟ್ಟುತ್ತಿದ್ದೆ. ನಾನು ನೋವಿನಿಂದ ಕಿರುಗುಟ್ಟಿದರೆ ಅವನು ಹಸಿವು ಎಂದು ತಿಳಿದು ಮತ್ತಷ್ಟು ಬಡಿಸುತ್ತಿದ್ದ. ಕೊನೆಗೆ ತೆಳ್ಳಗಿನ ಯಾವುದೋ ಎಣ್ಣೆಯನ್ನು ಗ್ರೀಸಿನ ಮೇಲೆಯೇ ಸುರಿದ. ಕಿರುಗುಟ್ಟುವುದು ನಿಂತಿತು. ಆಚಾರಿ ಗೆದ್ದೆನೆಂದುಕೊಂಡ. ನಾನೂ ಹಾಗೆಯೇ ಅಂದುಕೊಂಡೆ, ಸುಳ್ಳು ಹೇಳಬಾರದು.

ಆ ವರ್ಷ ಕೈಲ್ ಮುಹೂರ್ತದ ಹಬ್ಬ ಬಂತು. ಕೊಡವರು ಕೋವಿ ಕತ್ತಿಗಳನ್ನು ಪೂಜಿಸಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಹಬ್ಬ. ಸುಬೇದಾರರು ನಾನು ಒತ್ತಿದ ತೋಟೆಗಳನ್ನೇ ಒಯ್ದಿದ್ದರು. ಊರೆಲ್ಲ ಸುತ್ತ ನಿಂತಿರುವಾಗ ಗುರಿಯಿಟ್ಟು ಕುದುರೆ ಎಳೆದರಂತೆ. ಟಿಕ್ ಎಂದಿತು, ಅಷ್ಟೇ. ಎರಡನೆಯದೂ ಟಿಕ್. ಮೂರನೆಯದು ಹಾರಿತು, ಆದರೆ ಸೀಸದ ಗುಂಡುಗಳು ಅರ್ಧ ದಾರಿಯಲ್ಲೇ ಸುಸ್ತಾಗಿ ಬಿದ್ದವಂತೆ. ಸುಬೇದಾರರ ದಾಯಾದಿ ಮಾಚಯ್ಯನವರು, ಈ ತೋಟೆಗಿಂತ ಕೈಯಲ್ಲಿ ಕಲ್ಲು ಎಸೆದಿದ್ದರೆ ಕಾಯಿ ಬೀಳುತ್ತಿತ್ತು ಎಂದು ಎಲ್ಲರೆದುರು ನಕ್ಕರು. ತೆಂಗಿನಕಾಯಿ ಮರದಲ್ಲೇ ಉಳಿಯಿತು. ಆಚಾರಿಯ ಹೆಸರು ಮಾತ್ರ ಕೆಳಗೆ ಬಿತ್ತು.

ಆ ವಾರ ಆಚಾರಿ ಸರಿಯಾಗಿ ಊಟ ಮಾಡಲಿಲ್ಲ. ಮೂವತ್ತು ವರ್ಷದಲ್ಲಿ ಅವನ ಕೈಯಿಂದ ಹೋದ ವಸ್ತು ಯಾರ ಮರ್ಯಾದೆಯನ್ನೂ ಕಳೆದಿರಲಿಲ್ಲ. ಮೊದಲು ಮದ್ದನ್ನು ಬೈದ, ಆಮೇಲೆ ಹವೆಯನ್ನು ಬೈದ, ಕೊನೆಗೆ ನನ್ನ ಕಡೆ ತಿರುಗಿ, ಇದನ್ನು ಗುಜರಿಗೆ ಹಾಕುತ್ತೇನೆ ಎಂದ. ನನಗೆ ಅಳು ಬಂತು. ಕಬ್ಬಿಣಕ್ಕೆ ಅಳು ಬಂದರೆ ತುಕ್ಕಾಗಿ ಕಾಣುತ್ತದೆ, ಅಷ್ಟು ಎಣ್ಣೆಯಲ್ಲಿ ಅದಕ್ಕೂ ಜಾಗವಿರಲಿಲ್ಲ.

ನನ್ನನ್ನು ಉಳಿಸಿದವಳು ವಾರಿಜಾ. ಹಾರದೆ ವಾಪಸು ಬಂದ ಎರಡು ತೋಟೆಗಳನ್ನು ಆಚಾರಿ ಬಿಚ್ಚಿ ಮೇಜಿನ ಮೇಲಿಟ್ಟಿದ್ದ. ಅವಳು ಚಹಾ ಕೊಡಲು ಬಂದವಳು ಕ್ಯಾಪನ್ನು ಎತ್ತಿ ಬೆರಳಿನಲ್ಲಿ ಉಜ್ಜಿದಳು. ಬೆರಳು ಮಿಣಮಿಣ ಅಂದಿತು.

"ನೋಡಿ ಇಲ್ಲಿ, ನೀವು ಸುರಿದ ಎಣ್ಣೆ ದಂಡದಲ್ಲಿ ಹತ್ತಿ ಮದ್ದಿಗೇ ಹೋಗ್ತಾ ಉಂಟು. ಒದ್ದೆ ಕಟ್ಟಿಗೆಗೆ ಬೆಂಕಿ ಹಿಡೀಲಿಕ್ಕೆ ಉಂಟಾ?"

ಅವಳು ತನ್ನ ಹೊಲಿಗೆ ಯಂತ್ರದ ಕ್ರಮ ಹೇಳಿದಳು. ಹೊಲಿಗೆಯವರ ದೊಡ್ಡ ಹೆದರಿಕೆ ಎಂದರೆ ಗಿರಾಕಿಯ ಬಟ್ಟೆಗೆ ಎಣ್ಣೆಯ ಕಲೆ ಹತ್ತುವುದು. ಅದಕ್ಕೇ ಅವರು ತೊಟ್ಟು ತೊಟ್ಟಾಗಿ ಎಣ್ಣೆ ಬಿಡುತ್ತಾರೆ, ಬಿಟ್ಟ ಮೇಲೆ ಒರೆಸುತ್ತಾರೆ, ಒರೆಸಿದ ಮೇಲೆಯೂ ನಂಬುವುದಿಲ್ಲ. ಕತ್ತರಿಸಿ ಉಳಿದ ಬಿಳಿ ಬಟ್ಟೆಯ ಚೂರಿನ ಮೇಲೆ ಸುಮ್ಮನೆ ಹೊಲಿಗೆ ಓಡಿಸುತ್ತಾರೆ. ಚೂರಿನಲ್ಲಿ ಕಲೆ ಬೀಳುವುದು ನಿಂತ ಮೇಲೆಯೇ ಗಿರಾಕಿಯ ರೇಷ್ಮೆ ರವಿಕೆಯನ್ನು ಮುಟ್ಟುವುದು.

ಮಾರನೆಯ ದಿನ ಅವಳು ರವಿಕೆಗಳನ್ನು ಬದಿಗಿಟ್ಟು ನನ್ನ ಬಳಿ ಕೂತಳು. ನನ್ನನ್ನು ಬಿಚ್ಚಿಸಿ, ಅಂಗಳಕ್ಕೆ ಒಯ್ದು ಸೀಮೆಎಣ್ಣೆಯಲ್ಲಿ ತೊಳೆದಳು. ಎರಡು ವರ್ಷದ ಚಟ್ನಿ ಇಳಿದು ಹೋಗುವಾಗ ಆದ ಸುಖವನ್ನು ನಾನು ಹೇಳಲಾರೆ. ಒಣಗಿದ ಮೇಲೆ ಕೀಲುಗಳಿಗೆ ಕಡಲೆಕಾಳಿನಷ್ಟು ಗ್ರೀಸು. ದಂಡಕ್ಕೆ ಹೊಲಿಗೆ ಯಂತ್ರದ ತೆಳು ಎಣ್ಣೆ ಒಂದೇ ತೊಟ್ಟು, ಅದನ್ನೂ ಒರೆಸಿದಳು. ಆಚಾರಿ ಪಕ್ಕದಲ್ಲಿ ನಿಂತು, ಇಷ್ಟರಲ್ಲಿ ಅದು ಹೇಗೆ ಬದುಕೀತು ಎಂದು ಗೊಣಗಿದ. ಅವಳು ದಂಡದ ತಲೆಯ ಮೇಲೆ ಬಿಳಿ ಬಟ್ಟೆಯ ಚೂರು ಇಟ್ಟು ಹಿಡಿ ಎಳೆಯುತ್ತಾ ಹೋದಳು. ಇಪ್ಪತ್ತಮೂರನೆಯ ಸಲಕ್ಕೆ ಚೂರು ಬೆಳ್ಳಗೆ ಬಂತು. ನನ್ನ ದಂಡ ಸದ್ದಿಲ್ಲದೆ, ರೇಷ್ಮೆಯ ಹಾಗೆ ಜಾರುತ್ತಿತ್ತು. ಆಚಾರಿ ತಾನೇ ಒಮ್ಮೆ ಹಿಡಿ ಎಳೆದು ನೋಡಿ, ಕಣ್ಣು ಬಾಯಿ ಬಿಟ್ಟು ಹೆಂಡತಿಯನ್ನು ನೋಡಿದ.

ಯಂತ್ರ ಸರಿಯಾಯಿತು, ಆದರೆ ತೋಟೆ ಕೇಳಿಕೊಂಡು ಬರುವವರು ಬೇಕಲ್ಲ. ಎರಡು ತಿಂಗಳು ಯಾರೂ ಬರಲಿಲ್ಲ. ಜನ ಕಂಪನಿಯ ತೋಟೆ ಕೊಂಡು ನಮ್ಮ ಅಂಗಡಿಯ ಮುಂದೆಯೇ ಹೋಗುತ್ತಿದ್ದರು. ಆಮೇಲೆ ಒಂದು ಬೆಳಿಗ್ಗೆ ಸುಬೇದಾರರ ಜೀಪು ಬಂದು ನಿಂತಿತು.

ಅವರ ಕಿರಿಯ ಸೊಸೆಗೆ ನಸುಕಿನಲ್ಲಿ ಹೆರಿಗೆಯಾಗಿತ್ತು. ಕೊಡವರ ಮನೆಯಲ್ಲಿ ಗಂಡು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸಿ ಊರಿಗೆ ತಿಳಿಸುವುದು ಪದ್ಧತಿ. ಸತ್ತರೆ ಎರಡು ಗುಂಡು. ಗುಂಡಿನ ಲೆಕ್ಕ ಕೇಳಿಯೇ ಜನ ಯಾವ ಬಟ್ಟೆ ತೊಟ್ಟು ಹೊರಡಬೇಕೆಂದು ನಿರ್ಧರಿಸುತ್ತಾರೆ. ಈಗ ಹುಟ್ಟಿದ್ದು ಹೆಣ್ಣು. ಮೂರು ತಲೆಮಾರಿನಿಂದ ಆ ಮನೆಯಲ್ಲಿ ಹೆಣ್ಣು ಹುಟ್ಟಿರಲಿಲ್ಲ. ಸುಬೇದಾರರಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಈ ಮಗುವಿಗೂ ಗುಂಡು ಹಾರಿಸಿಯೇ ತೀರುತ್ತೇನೆ ಎಂದು ಹಟ ಹಿಡಿದಿದ್ದರು. ಹೆಣ್ಣಿಗೆ ಗುಂಡು ಎಲ್ಲಿಯಾದರೂ ಉಂಟಾ ಎಂದು ಮಾಚಯ್ಯನವರು ವಾದಕ್ಕೆ ನಿಂತಿದ್ದರು.

ಆಚಾರಿ ಕೈಮುಗಿದು, ಕಂಪನಿಯ ತೋಟೆಯನ್ನೇ ಒಯ್ಯಿರಿ ಎಂದು ಬೇಡಿಕೊಂಡ. ಈ ಸಲ ಟಿಕ್ ಎಂದರೆ ಆಗುವುದು ಒಂದು ಕಾಯಿಯ ನಷ್ಟವಲ್ಲ. ದೇವರಿಗೇ ಒಪ್ಪಿಗೆಯಿಲ್ಲ ಎಂದು ಜನ ಆ ಕೂಸಿನ ತಲೆಯ ಮೇಲೆ ಜೀವಮಾನವಿಡೀ ಅಪವಾದ ಹೊರಿಸುತ್ತಾರೆ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ನನ್ನ ಯಂತ್ರದ್ದೇ ಬೇಕು ಆಚಾರ್ರೆ," ಎಂದರು ಸುಬೇದಾರರು. "ಎರಡು ಕೊಡಿ. ಒಂದು ಹಾರದಿದ್ದರೆ ಇನ್ನೊಂದು ಉಂಟಲ್ಲ."

ಅವರೆದುರೇ ಆಚಾರಿ ಎರಡು ತೋಟೆ ಒತ್ತಿದ. ನನ್ನ ದಂಡ ಒಮ್ಮೆಯೂ ಕಿರುಗುಟ್ಟಲಿಲ್ಲ. ವಾರಿಜಾ ಎರಡನ್ನೂ ಬಿಳಿ ಬಟ್ಟೆಯ ಮೇಲೆ ಉರುಳಿಸಿ ನೋಡಿ ಕೊಟ್ಟಳು. ಜೀಪು ಹೊರಟಿತು. ಸುಬೇದಾರರ ಮನೆ ಪೇಟೆಯಿಂದ ಒಂದು ಮೈಲಿ ದೂರದ ದಿಬ್ಬದ ಮೇಲೆ. ನಾವು ಮೂವರೂ ಕಿವಿ ನೆಟ್ಟಗೆ ಮಾಡಿಕೊಂಡು ಕಾದೆವು.

ಢಂ!

ಬೆಟ್ಟಕ್ಕೆ ಬಡಿದು ಸದ್ದು ತಿರುಗಿ ಬಂತು. ಆಚಾರಿ ಗಟ್ಟಿಯಾಗಿ ನಕ್ಕುಬಿಟ್ಟ. ವಾರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಹೊಸದಾಗಿ ಹಸಿರು ಬಣ್ಣ ಬಳಿದಷ್ಟು ಹಿಗ್ಗಾಯಿತು. ಅಷ್ಟರಲ್ಲಿ ಇನ್ನೊಂದು ಬಾರಿ ಢಂ ಎಂದಿತು.

ಎರಡು ಗುಂಡು. ಆಚಾರಿಯ ನಗು ಅಲ್ಲೇ ಒಣಗಿತು. ಬೀದಿಯಲ್ಲಿ ಅಂಗಡಿಗಳ ಬಾಗಿಲು ಎಳೆಯುವ ಸದ್ದು ಕೇಳಿಸಿತು. ಯಾರೋ "ಸುಬೇದಾರ್ರು ಹೋದ್ರಂತೆ" ಎಂದರು. ತೋಟೆ ಒಡೆದು ಕೋವಿಯೇ ಸಿಡಿದಿರಬೇಕು ಎಂದುಕೊಂಡು ಆಚಾರಿ ಚಪ್ಪಲಿ ಕೂಡ ಮೆಟ್ಟದೆ ಓಡಿದ. ಅವನು ಮರಳುವ ತನಕ ನಾನು ಅನುಭವಿಸಿದ್ದನ್ನು ಯಾವ ಎಣ್ಣೆಯೂ ತಣಿಸಲಾರದು. ನನ್ನನ್ನು ಹುಟ್ಟಿಸಿದವರನ್ನೇ ನಾನು ಕೊಂದೆನೇ ಎಂದು ಮೈಯೆಲ್ಲ ತಣ್ಣಗಾಗಿತ್ತು.

ಸಂಜೆ ಆಚಾರಿ ಬಂದ. ಬಾಯಲ್ಲಿ ಬ್ರಾಂದಿಯ ವಾಸನೆ, ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಹಂದಿ ಮಾಂಸದ ಊಟ. ನಗುವಿನ ನಡುವೆ ಹೆಂಡತಿಗೆ ಹೇಳಿದ್ದು ಇಷ್ಟು. ಮೊದಲನೆಯ ಗುಂಡು ಹಾರಿದ ಕೂಡಲೇ ಮಾಚಯ್ಯನವರು, ಅದೃಷ್ಟಕ್ಕೆ ಒಂದು ಹಾರಿತು ಎಂದರಂತೆ. ಸುಬೇದಾರರಿಗೆ ರೇಗಿತು. ಅದೃಷ್ಟವೋ ಆಚಾರಿಯ ಕೈಯೋ ನೋಡು ಎಂದು ಎರಡನೆಯದನ್ನೂ ಹಾರಿಸಿಬಿಟ್ಟರು. ಲೆಕ್ಕ ಎಷ್ಟಾಯಿತೆಂದು ಆ ಭರದಲ್ಲಿ ಇಬ್ಬರಿಗೂ ಹೊಳೆಯಲಿಲ್ಲ.

ಅರ್ಧ ಗಂಟೆಯಲ್ಲಿ ದಿಬ್ಬದ ನಾಲ್ಕೂ ಕಡೆಯಿಂದ ಜನ ಸಾವಿನ ಮನೆಗೆ ಹೋಗುವ ಬಿಳಿ ಬಟ್ಟೆ ತೊಟ್ಟು ಹತ್ತಿ ಬಂದರು. ಒಬ್ಬರು ಗೇಟಿನಿಂದಲೇ ಅಳು ತೆಗೆದಿದ್ದರು. ಸದ್ದು ಕೇಳಿ ಒಳಗಿಂದ ಬಂದ ಸುಬೇದಾರರು ಬಿಳಿ ಬಟ್ಟೆಗಳ ಆ ಸಾಲನ್ನು ನೋಡಿ ಗಾಬರಿಯಾಗಿ, "ಯಾರು ತೀರಿಕೊಂಡದ್ದು?" ಎಂದು ಕೇಳಿದರು.

"ನೀವೇ," ಎಂದರಂತೆ ಅಳುತ್ತಿದ್ದವರು.

ಆಮೇಲೆ ನಕ್ಕ ನಗುವಿಗೆ ತೊಟ್ಟಿಲಲ್ಲಿದ್ದ ಕೂಸು ಎದ್ದು ಅಳತೊಡಗಿತು. ಸುಬೇದಾರರು ಅದನ್ನು ಎತ್ತಿಕೊಂಡು ಬಂದು ಒಬ್ಬೊಬ್ಬರಿಗೂ ತೋರಿಸಿದರು. ಸಾವಿಗೆಂದು ಬಂದವರು ಹೆಸರೇನಿಡುತ್ತೀರಿ ಎಂದು ಕೇಳಿ, ಉಂಡು ಹೋದರು. ಆ ಊರಿನಲ್ಲಿ ಯಾವ ಗಂಡು ಮಗುವನ್ನು ನೋಡಲೂ ಒಂದೇ ದಿನ ಅಷ್ಟು ಜನ ಬಂದಿರಲಿಲ್ಲ. ಎರಡಕ್ಕೆ ಎರಡೂ ಹಾರಿತಲ್ಲ ಎಂದು ಎಲ್ಲರ ಬಾಯಲ್ಲೂ ಆಚಾರಿಯ ಮಾತು. ಮಾಚಯ್ಯನವರು ಹೊರಡುವ ಮೊದಲು ಅವನನ್ನು ಬದಿಗೆ ಕರೆದು, ತಮಗೂ ಒಂದು ಡಜನ್ ಬೇಕು ಎಂದು ಮೆಲ್ಲಗೆ ಹೇಳಿದರಂತೆ.

ಇದೆಲ್ಲ ಹಳೆಯ ಮಾತಾಯಿತು. ಸುಬೇದಾರರು ಈಗಿಲ್ಲ. ಆಚಾರಿಯ ತಲೆ ನರೆತಿದೆ, ಕೆಲಸ ಕಡಿಮೆಯಾಗಿದೆ. ನಾನು ಅಂಗಡಿಯ ಹಿಂದಿನ ಮೂಲೆಯಲ್ಲಿ, ಗೋಣಿಚೀಲ ಹೊದ್ದುಕೊಂಡು ಕೂತಿರುತ್ತೇನೆ. ಹೆಚ್ಚು ಬಡಿಸುವವರ ಪ್ರೀತಿಯನ್ನೂ ಕಂಡೆ, ಅಳತೆ ತಿಳಿದವರ ಪ್ರೀತಿಯನ್ನೂ ಕಂಡೆ. ಎರಡೂ ಪ್ರೀತಿಯೇ. ಆದರೆ ನಾನು ಉಳಿದದ್ದು ಎರಡನೆಯದರಿಂದ.

ಮೊನ್ನೆ ಬೆಳಿಗ್ಗೆ ನಮಗೆ ಪರಿಚಯವಿಲ್ಲದ ಒಬ್ಬ ಯುವಕ ಅಂಗಡಿಗೆ ಬಂದ. ರಾತ್ರಿಯೆಲ್ಲ ನಿದ್ದೆಗೆಟ್ಟ ಕಣ್ಣು, ಮುಖದ ತುಂಬ ನಗು. ಆಚಾರಿಗೆ ಅರ್ಥವಾಯಿತು. ಗಂಡೋ ಎಂದು ಕೇಳಿದ.

"ಹೆಣ್ಣು," ಎಂದ ಅವನು, ಬೀದಿಗೆಲ್ಲ ಕೇಳುವಂತೆ.

ಆಚಾರಿ ನನ್ನ ಗೋಣಿಚೀಲ ಸರಿಸಿ, ಎರಡು ಖಾಲಿ ತೋಟೆ ತೆಗೆದು ಮೇಜಿನ ಮೇಲಿಟ್ಟ. ಯುವಕ ಗಾಬರಿಯಿಂದ ಒಂದನ್ನು ಹಿಂದಕ್ಕೆ ತಳ್ಳಿದ.

"ಒಂದೇ ಸಾಕು ಆಚಾರ್ರೆ. ಎರಡು ಕೊಟ್ಟರೆ ನಮ್ಮ ಅಜ್ಜ ಎರಡನ್ನೂ ಹೊಡೀತಾರೆ."