ಗೆರೆಯಿಲ್ಲದ ಹೆಬ್ಬೆಟ್ಟು

"ಮೊದ್ಲು ಕಿಟಕಿ ತೆಗಿಯೇ! ಬೆಳಬೆಳಗ್ಗೆ ತೊಗಲಿನ ನಾತ ಹೊತ್ಕೊಂಡು ಬಂದ್ಬಿಟ್ಳು."

ದೊಡ್ಡ ವಕೀಲರು ಹೀಗೆಂದಾಗ ಎಲ್ಲರೂ ನಗಬೇಕು, ಅದು ಆ ಕಚೇರಿಯ ಕಾಯಿದೆ. ಗುಮಾಸ್ತ ನಕ್ಕ. ಕಿರಿಯ ವಕೀಲೆ ಎದ್ದು ಕಿಟಕಿ ತೆಗೆದಳು. ಎರಡೆರಡು ಸಲ ಸೋಪು ಹಚ್ಚಿ ಮಿಂದು ಬಂದವಳಲ್ಲಿ ನಾತ ಎಲ್ಲಿಂದ ಬರಬೇಕು? ಅವಳಮ್ಮ ಚರ್ಮ ಹದಮಾಡುವ ಕಾರ್ಖಾನೆಯಲ್ಲಿ, ಸುಣ್ಣದ ತೊಟ್ಟಿಯೊಳಗೆ ಮೊಣಕಾಲಮಟ್ಟ ನಿಂತು ತೊಗಲು ತೊಳೆತೊಳೆದೇ ಸತ್ತವಳು ಎಂಬುದು ದೊಡ್ಡ ವಕೀಲರಿಗೆ ಗೊತ್ತಿತ್ತು. ಅವರ ಮೂಗಿಗೆ ಅಷ್ಟು ಸಾಕು.

"ತಗೋ, ಹತ್ತೊಂಬತ್ತು ಪ್ರಮಾಣಪತ್ರ. ಮೊಹರು ಹೊಡಿ, ಸಹಿ ಗೀಚು. ನಾಳೆ ಬೆಳಗ್ಗೆ ಕೋರ್ಟಿಗೆ ಕೊಡ್ಬೇಕು."

ಹತ್ತೊಂಬತ್ತೂ ಅದೇ ತೊಟ್ಟಿಯ ಹೆಂಗಸರ ಹೆಸರಿನಲ್ಲಿದ್ದವು. ಉಸಿರು ಕೆಟ್ಟು ಕೆಮ್ಮತೊಡಗಿದ ಮೇಲೆ ಕಾರ್ಖಾನೆ ಅವರನ್ನು ಕತ್ತು ಹಿಡಿದು ಹೊರದಬ್ಬಿತ್ತು. ಅವರು ಮೊಕದ್ದಮೆ ಹೂಡಿದ್ದರು; ಕಾರ್ಖಾನೆಯ ಪರ ನಿಂತವರು ದೊಡ್ಡ ವಕೀಲರು. ಈಗ ಹಾಳೆಗಳು ಬೇರೆಯದೇ ಹೇಳುತ್ತಿದ್ದವು: ನಮ್ಮಿಷ್ಟದಿಂದಲೇ ಕೆಲಸ ಬಿಟ್ಟೆವು, ಮೊಕದ್ದಮೆ ಬೇಡ. ಅದರಡಿ ಒಂದೊಂದು ಹೆಬ್ಬೆಟ್ಟು. ಹೆಬ್ಬೆಟ್ಟಿನಡಿ ಅವಳು ಸಹಿ ಮಾಡಬೇಕಾದ ಸಾಲು: ಓದಿ ಹೇಳಿದ್ದೇನೆ, ಅರ್ಥ ಮಾಡಿಕೊಂಡು ನನ್ನೆದುರೇ ಒತ್ತಿದ್ದಾರೆ.

ಆ ಸಾಲನ್ನು ಕೋರ್ಟಿನ ಆವರಣದಲ್ಲಿ ಯಾರೂ ಲೆಕ್ಕಕ್ಕಿಡುವುದಿಲ್ಲ. ಪ್ರಮಾಣಪತ್ರ ದೃಢೀಕರಿಸುವ ಮೊಹರು ಇರುವ ವಕೀಲರು ಮಾತಾಡುತ್ತಾ, ಚಹಾ ಹೀರುತ್ತಾ ದಬದಬ ಹೊಡೆಯುತ್ತಾರೆ. ಅವಳೂ ಎರಡು ಸಲ ಹೊಡೆದಿದ್ದಳು. ಆಮೇಲೆ ಒಂದು ವಾರ ಪ್ರಾರ್ಥನೆಗೆ ಕೂತರೆ ಬಾಯಿ ಕಟ್ಟಿಹೋಗುತ್ತಿತ್ತು. ಭಾನುವಾರ ಕ್ರೈಸ್ತ ದೇವಾಲಯದ ಜಗಲಿಯಲ್ಲಿ ಮಕ್ಕಳಿಗೆ ಸುಳ್ಳುಸಾಕ್ಷಿ ಪಾಪ ಎಂದು ಪಾಠ ಹೇಳುವವಳು ಅವಳೇ. ಮೂರನೆಯ ಸಲ ಹೊಡೆಯುವುದಿಲ್ಲ ಎಂದು ದೇವರಿಗೆ ಮಾತು ಕೊಟ್ಟಿದ್ದಳು.

ಹಾಳೆ ತಿರುವಿದಳು. ಕೈ ನಿಂತಿತು.

ಹೆಬ್ಬೆಟ್ಟುಗಳಲ್ಲಿ ಗೆರೆಗಳಿದ್ದವು! ಸುರುಳಿ ಸುರುಳಿ, ಎಣಿಸಬಹುದಾದಷ್ಟು ಸ್ಪಷ್ಟ. ಸುಣ್ಣದ ತೊಟ್ಟಿಯಲ್ಲಿ ಮೂರು ವರ್ಷ ಕೈಯಾಡಿಸಿದವರ ಬೆರಳಲ್ಲಿ ಗೆರೆ ಉಳಿಯುವುದಿಲ್ಲ, ಸುಣ್ಣ ತಿಂದುಬಿಡುತ್ತದೆ. ಒತ್ತಿದರೆ ಬರುವುದು ಬರೀ ಕರಿ ಕಲೆ. ತಡವಾಗಿ ಶಾಲೆಗೆ ಸೇರುವ ಮೊದಲು ಅವಳೂ ಮೂರು ವರ್ಷ ಅಮ್ಮನ ಜೊತೆ ತೊಟ್ಟಿಗೆ ಇಳಿದವಳೇ. ವಕೀಲರ ಸಂಘದ ಬಾಗಿಲಿನ ಹಾಜರಿ ಯಂತ್ರ ಇವತ್ತಿಗೂ ಅವಳ ಹೆಬ್ಬೆಟ್ಟನ್ನು ಗುರುತು ಹಿಡಿಯುವುದಿಲ್ಲ.

ಅವಳು ಗುಮಾಸ್ತನ ಕಡೆ ನೋಡಿದಳು. ಅವನ ಉಗುರಿನ ಸಂದಿಯಲ್ಲಿ ಶಾಯಿ ಇನ್ನೂ ಹೋಗಿರಲಿಲ್ಲ. ಅವನು ಕೈ ಜೇಬಿಗಿಳಿಸಿದ.

"ಇವು ಅವರ ಹೆಬ್ಬೆಟ್ಟಲ್ಲ ಸಾರ್."

"ಹೆಬ್ಬೆಟ್ಟಿನ ಮೇಲೆ ಹೆಸರು ಬರ್ದಿರುತ್ತೇನೇ?"

"ಅವರು ಬರ್ಲಿ. ಓದಿ ಹೇಳಿ, ನನ್ನೆದುರೇ ಒತ್ತಿಸ್ತೀನಿ."

ದೊಡ್ಡ ವಕೀಲರು ಕನ್ನಡಕ ತೆಗೆದರು. "ನೋಡು, ನಾನೂ ದೇವರಿಗೆ ಹೆದರೋನೇ. ಸಭೆಯ ಹಿರಿಯ ನಾನು. ಆದ್ರೆ ದೇವಾಲಯದ ಮಾತು ದೇವಾಲಯದಲ್ಲಿ. ಕಕ್ಷಿದಾರನ ಅನ್ನ ತಿಂದು ಅವನಿಗೇ ಗುನ್ನ ಇಡ್ತೀಯಾ? ಮೈಮೇಲಿರೋ ಆ ಕರಿಕೋಟು ಹೊಲಿಸಿಕೊಟ್ಟೋನು ಯಾರೇ?"

"ನೀವೇ ಸಾರ್."

"ಹಂಗಾದ್ರೆ ಮುಚ್ಕೊಂಡು ಹೊಡಿ. ತೊಟ್ಟಿಯಿಂದ ಎತ್ತಿ ತಂದ್ರೂ ಮುಂಡೇವು ತೊಟ್ಟಿ ಬಿಡಲ್ಲ."

ಅವಳು ಮೊಹರನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಬೇಗ ಬೇಗ ಮೆಟ್ಟಿಲಿಳಿದಳು. ಹಿಂದಿನಿಂದ ದೊಡ್ಡ ವಕೀಲರು ಗುಮಾಸ್ತನಿಗೆ ಹೇಳಿದ ಮಾತು ಕೇಳಿಸಿತು: "ಪಕ್ಕದ ಕಚೇರಿಯೋನ ಹತ್ರ ಹೊಡಿಸ್ಕೊಂಡು ಬಾ. ಹಾಳಾಗಿ ಹೋಗ್ಲಿ ಅವಳು."

ಸಂಜೆ ಅವಳು ಹುಟ್ಟಿದ ಬೀದಿಗೆ ಹೋದಳು. ನಲ್ಲಿಯ ಹತ್ತಿರ ಕುಳ್ಳಕ್ಕ, ಹಾಡೋ ಚಿಕ್ಕಮ್ಮ, ಮತ್ತೆ ಉಳಿದ ತೊಟ್ಟಿಯ ಹೆಂಗಸರು ಮಾತಾಡುತ್ತಿದ್ದರು. ಕರಿಕೋಟು ಕಂಡದ್ದೇ ಮಾತು ನಿಂತಿತು. ಅವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಇವರು. ಅವಳು ಕಾರ್ಖಾನೆಯ ವಕೀಲರ ಹತ್ತಿರ ಕೆಲಸಕ್ಕೆ ಸೇರಿದ ದಿನದಿಂದ ಒಬ್ಬರೂ ಅವಳನ್ನು ಮಗಳೇ ಎಂದಿರಲಿಲ್ಲ.

"ನಾಳೆ ಕೋರ್ಟಿಗೆ ಬನ್ನಿ. ನಿಮ್ಮ ಹೆಸರಲ್ಲಿ ಯಾರೋ ಹೆಬ್ಬೆಟ್ಟು ಒತ್ತಿದಾರೆ."

ಕೊಡ ತೊಳೆಯುತ್ತಿದ್ದ ಮುದುಕಿ, ಬೀದಿಗೆಲ್ಲ ಸುಣ್ಣದಜ್ಜಿ, ತಲೆಯೆತ್ತಲಿಲ್ಲ. "ಯಾರು ಕಳ್ಸಿದ್ರು ನಿನ್ನ?"

"ಯಾರೂ ಇಲ್ಲ ಅಜ್ಜಿ."

"ಯಾರೂ ಕಳಿಸ್ದೆ ಕರಿಕೋಟು ಬರಲ್ಲ ಈ ಬೀದಿಗೆ. ನಮ್ಮ ವಕೀಲನೂ ಹಿಂಗೇ ಬಂದ. ಕೇಸು ಗೆದ್ದಂಗೇ ಅಂದ. ನಿಮ್ಮೋರ ಜೊತೆ ಕಾರು ಹತ್ತಿ ಹೋದ." ಅವಳು ಕೆಮ್ಮಿದಳು, ಉಗಿದಳು. "ನಾಳೆ ಬಂದ್ರೆ ಇನ್ನೇನು ಒತ್ತಿಸ್ಕೊಳ್ತೀರೋ. ಹೋಗೇ, ನೀರು ಹಿಡಿಬೇಕು."

ತಪ್ಪು ಅವರದಲ್ಲ ಎಂದು ಅವಳಿಗೆ ಗೊತ್ತಿತ್ತು. ಮನೆ ಕಡೆ ತಿರುಗಿದಳು. ದಾರಿಯಲ್ಲಿ ದೇವಾಲಯದ ಸಭಾಪಾಲಕರು ಎದುರಾದರು. ದೊಡ್ಡ ವಕೀಲರ ಫೋನು ಆಗಲೇ ಅಲ್ಲಿಗೂ ಮುಟ್ಟಿತ್ತು. "ಭಾನುವಾರದ ಮಕ್ಕಳ ಪಾಠಕ್ಕೆ ಬೇರೆಯೋರನ್ನ ನೋಡಿದೀನಿ ತಂಗಿ," ಎಂದರು. "ಸ್ವಲ್ಪ ದಿನ. ನಿನಗೋಸ್ಕರ ಪ್ರಾರ್ಥನೆ ಮಾಡ್ತೀನಿ." ಮಾಡುವವರಂತೆ ಅಲ್ಲೇ ಕಣ್ಣು ಮುಚ್ಚಲೂ ಹೋದರು. ಅವಳು ನಿಲ್ಲದೆ ನಡೆದಳು.

ಬೆಳಗ್ಗೆ ಕೋರ್ಟಿನಲ್ಲಿ ಹತ್ತೊಂಬತ್ತು ಹಾಳೆಗಳ ಮೇಲೂ ಮೊಹರು ಬಿದ್ದಿತ್ತು. ಹೆಂಗಸರ ವಕೀಲ ತನ್ನದೇನೂ ಆಕ್ಷೇಪಣೆ ಇಲ್ಲವೆಂದು ತಲೆದೂಗಿದ. ನ್ಯಾಯಾಧೀಶರು ಪೆನ್ನು ಎತ್ತಿಕೊಂಡಿದ್ದರು. ಅವಳು ಎದ್ದು ನಿಂತಳು.

"ಸ್ವಾಮಿ, ನಾನು ಹೇಳೋದಿದೆ."

"ಯಾರ ಪರ?"

"ಯಾರ ಪರವೂ ಅಲ್ಲ. ಸಾಕ್ಷಿ ನಾನು."

"ಹಿರಿಯರ ಕಚೇರಿಯ ಗುಟ್ಟು ಹೊರಗೆ ಹಾಕಿದ್ರೆ ವಕೀಲಿ ಸನದು ಹೋದೀತು, ಗೊತ್ತೇನಮ್ಮಾ?"

"ಗೊತ್ತು ಸ್ವಾಮಿ."

ಅವಳು ಕೋಟು ಬಿಚ್ಚಿ, ಮಡಿಸಿ, ದೊಡ್ಡ ವಕೀಲರ ಮುಂದಿನ ಮೇಜಿನ ಮೇಲಿಟ್ಟಳು. ಕಟಕಟೆ ಹತ್ತಿದಳು. ಕೋರ್ಟಿನ ಜವಾನ ಪ್ರಮಾಣವಚನವನ್ನು ಒಂದೇ ಉಸಿರಿಗೆ ಗೊಣಗಿದ.

"ನಿಧಾನಕ್ಕೆ ಹೇಳಪ್ಪ," ಎಂದಳು. "ಅರ್ಥ ಆಗ್ಬೇಕು."

ಅವನು ಮತ್ತೆ ಹೇಳಿದ. ಅವಳು ಒಂದೊಂದೇ ಮಾತು ತನ್ನ ಬಾಯಲ್ಲಿ ಹೇಳಿದಳು. ದೇವರ ಹೆಸರನ್ನು ಎಲ್ಲಕ್ಕಿಂತ ನಿಧಾನವಾಗಿ ಹೇಳಿದಳು. ಆಮೇಲೆ ಶಾಯಿ ಡಬ್ಬಿ ಕೇಳಿದಳು, ಒಂದು ಬಿಳಿ ಹಾಳೆ ಕೇಳಿದಳು.

"ಸುಣ್ಣದ ತೊಟ್ಟಿಯ ಹೆಬ್ಬೆಟ್ಟು ಹಿಂಗಿರುತ್ತೆ ಸ್ವಾಮಿ." ಒತ್ತಿದಳು. ಗೆರೆಯಿಲ್ಲದ ಕರಿ ಕಲೆ. "ಇದು ಸುಣ್ಣದಜ್ಜಿದು ಅಂದ್ಕೊಳ್ಳಿ. ಆ ಹಾಳೆಲಿರೋದಕ್ಕೆ ಹೋಲಿಸಿ ನೋಡಿ."

"ನಾಟಕ ಸ್ವಾಮಿ ಇದು!" ದೊಡ್ಡ ವಕೀಲರು ಎದ್ದರು. "ಕೆಳಗಿಳಿಯೇ!"

ಅವಳು ಹಿಂದಿನ ಬೆಂಚುಗಳ ಕಡೆ ನೋಡಿದಳು. ಯಾರೂ ಬಂದಿರಲಿಲ್ಲ.

"ಇದು ಕುಳ್ಳಕ್ಕಂದು." ಮತ್ತೊಂದು ಕಲೆ. "ಇದು ಅವಳ ಸೊಸೆದು. ಇದು ಹಾಡೋ ಚಿಕ್ಕಮ್ಮಂದು."

ನ್ಯಾಯಾಧೀಶರು ಸಾಕೆಂದು ಮೇಜು ತಟ್ಟಿದರು. ಬಾಗಿಲ ಪೊಲೀಸಿನವನು ಕಟಕಟೆಯತ್ತ ಬರತೊಡಗಿದ. ಅವಳು ಐದನೆಯ ಹೆಸರು ಹೇಳಿ, ಮತ್ತೆ ಹೆಬ್ಬೆಟ್ಟನ್ನು ಶಾಯಿಗೆ ಅದ್ದಿದಳು.