ಸೋಮವಾರದ ಮುಖ

ಮೊಗ್ರಾಲಿನ ದಮಯಂತಿಗೆ ವಾರದಲ್ಲಿ ಒಂದು ದಿನವನ್ನು ಕಂಡರಾಗುತ್ತಿರಲಿಲ್ಲ. ಅದು ಸೋಮವಾರ. ಅಂದು ಅವಳ ಗಂಡ ಚೆನ್ನಯ್ಯ ನಗುತ್ತಿದ್ದ. ಗಂಡ ನಕ್ಕರೆ ಯಾವ ಹೆಂಡತಿಗೆ ಬೇಸರ? ಆದರೆ ಅವನು ನಗುತ್ತಿದ್ದುದು ಉಪ್ಪಳದಿಂದ ಬರುವ ತನ್ನ ಅಕ್ಕ ಅಮ್ಮಣಿಯ ಎದುರು. ಉಳಿದ ದಿನಗಳಲ್ಲಿ ದಮಯಂತಿಯ ಪಾಲಿಗಿದ್ದುದು ಸುಣ್ಣ ಬಳಿದ ಗೋಡೆಯಂಥ ಮುಖ.

ಒಂದು ಕಾಲದಲ್ಲಿ ಆ ಮುಖಕ್ಕೆ ಊರೆಲ್ಲ ಸೋತಿತ್ತು. ಚೆನ್ನಯ್ಯ ಉಪ್ಪಳ ಕಡೆಯ ಬಸ್ಸಿನಲ್ಲಿ ಕಂಡಕ್ಟರನಾಗಿದ್ದವನು. ಎಂಥ ನೂಕುನುಗ್ಗಲಿದ್ದರೂ ಒಂದು ತಮಾಷೆ ಹಾರಿಸದೆ ಟಿಕೆಟ್ ಹರಿದವನಲ್ಲ. ಹೊಲಿಗೆ ಕಲಿಯಲು ಉಪ್ಪಳಕ್ಕೆ ಹೋಗುತ್ತಿದ್ದ ಹುಡುಗಿ ದಮಯಂತಿ ಒಂದು ದಿನ ಜಾಗ ಸಿಗದೆ ಕಂಬ ಹಿಡಿದು ಸಿಡುಕುತ್ತಿದ್ದಾಗ, "ಮುಖ ಊದಿಸಿದವರಿಗೆ ಸೀಟಿಲ್ಲ, ನಕ್ಕವರಿಗೆ ಮಾತ್ರ ಉಂಟು" ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದ್ದ. ಅವಳು ಬೇಡವೆಂದುಕೊಂಡರೂ ನಕ್ಕಿದ್ದಳು. ಮದುವೆಯಾದದ್ದು ಆ ನಗುವಿನಿಂದಲೇ ಎಂದು ಇವತ್ತಿಗೂ ಅವಳ ನಂಬಿಕೆ.

ಚೆನ್ನಯ್ಯನ ಕೈ ನಡುಗಲು ತೊಡಗಿದ್ದು, ಹೆಜ್ಜೆ ಕಿರಿದಾದದ್ದು ಎಲ್ಲ ಆಮೇಲೆ. ಪಾರ್ಕಿನ್ಸನ್ ಕಾಯಿಲೆ, ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾಗಿದೆ, ಈ ಮಾತ್ರೆ ಅದನ್ನು ತುಂಬಿಸಿಕೊಡುತ್ತದೆ ಎಂದು ಮಂಗಳೂರಿನ ಡಾಕ್ಟರು ಹೇಳಿದ್ದರು. ಮನೆಯಲ್ಲಿ ಕೂತು ಉಪ್ಪಳದ ಅಂಗಡಿಗೆ ನೈಟಿ ಹೊಲಿದುಕೊಡುವ ದಮಯಂತಿ ಅದನ್ನು ತನ್ನ ಮಿಷನಿಗೆ ಎಣ್ಣೆ ಬಿಟ್ಟ ಹಾಗೆ ಎಂದು ಅರ್ಥಮಾಡಿಕೊಂಡಳು. ತಿಳಿವಳಿಕೆಯೇನೋ ತಪ್ಪಲ್ಲ. ಊಟಕ್ಕೆ ಮೊದಲೇ ಮಾತ್ರೆ ಕೊಡಬೇಕೆಂದೂ ಆ ಡಾಕ್ಟರು ಹೇಳಿದ್ದರು. ಅದು ಮಾತ್ರ ಅವಳಿಗೆ ರುಚಿಸಲಿಲ್ಲ. ಇಂಗ್ಲಿಷ್ ಮದ್ದು ಉಷ್ಣ, ಖಾಲಿ ಹೊಟ್ಟೆಗೆ ಬಿದ್ದರೆ ಕರುಳು ಸುಡುತ್ತದೆ ಎಂಬುದು ಅವಳ ಅಮ್ಮನ ಕಾಲದ ಮಾತು. ಹಾಗಾಗಿ ಮೊದಲು ನೀರುದೋಸೆ, ಅದಕ್ಕೆ ನಿನ್ನೆಯ ಬೂತಾಯಿ ಮೀನಿನ ಗಸಿ, ಒಂದು ಬೇಯಿಸಿದ ಮೊಟ್ಟೆ, ಮೇಲಿಂದ ಒಂದು ಲೋಟ ಹಾಲು, ಆಮೇಲೆ ಮಾತ್ರೆ. ತಮ್ಮ ಸೊರಗಿದ್ದಾನೆ ಎಂದು ಅಮ್ಮಣಿ ಒಮ್ಮೆ ಬಾಯಿತಪ್ಪಿ ಹೇಳಿದ್ದೇ ನೆಪ, ಮೀನಿನ ತುಂಡುಗಳು ಎರಡರಷ್ಟಾದವು. ನೋಡಿದವರು ಮೆಚ್ಚಬೇಕು, ಹಾಗೆ ಸಾಕುತ್ತಿದ್ದಳು.

ಸೋಮವಾರ ಮಾತ್ರ ದಮಯಂತಿ ಶಿವನ ಹೆಸರಿನಲ್ಲಿ ಒಪ್ಪೊತ್ತಿನ ಉಪವಾಸ ಮಾಡುತ್ತಿದ್ದಳು. ಮನೆಯೊಳಗೆ ಮೀನು, ಮೊಟ್ಟೆಯ ಸುದ್ದಿ ಇಲ್ಲ. ಚೆನ್ನಯ್ಯನಿಗೆ ದೋಸೆ, ಕಾಯಿಬೆಲ್ಲ, ಕಪ್ಪು ಚಹಾ. ಅಂದೇ ಅಮ್ಮಣಿ ಬರುತ್ತಿದ್ದಳು, ಅಂದೇ ಅವನು ನೆಟ್ಟಗೆ ಎದ್ದು ಜಗಲಿಗೆ ಹೋಗಿ, ಬಸ್ಸಿನ ಹಳೆಯ ಕಥೆ ತೆಗೆದು ಅಕ್ಕನನ್ನು ನಗಿಸಿ ತಾನೂ ನಗುತ್ತಿದ್ದ. ಮರುದಿನ ಅದೇ ಕಥೆ ಹೇಳಿ ಎಂದು ಹೆಂಡತಿ ಕೇಳಿದರೆ ಗೋಡೆ. ಟಿವಿ ಹಾಕಿದರೂ ಬೇಡ, ಪೇಪರ್ ಕೊಟ್ಟರೆ ಎರಡು ಸಾಲಿಗೆ ಕೈಬಿಡುವುದು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ದಮಯಂತಿಗೆ ಮೈಯೆಲ್ಲ ಉರಿಯುವ ಹಾಗೆ ಅರ್ಥವಾಗಿತ್ತು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುವ ಮಾತೂ ಉಂಟಲ್ಲ, ಅದು ಮಾತ್ರ ಆಗ ನೆನಪಾಗಲಿಲ್ಲ.

ಒಂದು ಮಂಗಳವಾರ ಆ ಉರಿ ಹೊರಗೆ ಬಂತು. ದಮಯಂತಿಗೆ ಹುಟ್ಟಿದೂರಿನಿಂದ ಒಳ್ಳೆಯ ಸುದ್ದಿ ಬಂದಿತ್ತು, ತಂಗಿಯ ಮಗಳಿಗೆ ಟೀಚರ್ ಕೆಲಸ ಸಿಕ್ಕಿದ್ದು. ಓಡಿ ಬಂದು ಹೇಳಿದಳು. ಚೆನ್ನಯ್ಯ ಕಣ್ಣು ಮಿಟುಕಿಸದೆ ನೋಡಿದ, ಅಷ್ಟೆ.

"ನಗು ಬರ್ಬೇಕಾದ್ರೆ ಅಕ್ಕನೇ ಬರ್ಬೇಕಾ ನಿಮಗೆ?" ಎಂದಳು ದಮಯಂತಿ. "ಹಾಗಾದ್ರೆ ಅಲ್ಲಿಯೇ ಹೋಗಿ ಇರಿ. ನನಗೆ ಈ ಮುಖ ನೋಡ್ಲಿಕ್ಕೆ ಆಗುದಿಲ್ಲ."

ಚೆನ್ನಯ್ಯನ ತುಟಿ ಅಲುಗಿತು, ಮಾತು ಹೊರಡಲಿಲ್ಲ. ಕಾಯುವ ತಾಳ್ಮೆ ಅವಳಿಗಿರಲಿಲ್ಲ. ಬಟ್ಟೆ, ಮಾತ್ರೆ ಚೀಲಕ್ಕೆ ತುಂಬಿ, ಆಟೋ ಓಡಿಸುವ ಮಗ ಜಿತೇಂದ್ರನ ಕೈಲಿ ಕೊಟ್ಟಳು. ಅವನು ಬೇಡಮ್ಮ ಎಂದದ್ದಕ್ಕೆ ಅವನಿಗೂ ಬೈಗುಳ ಸಿಕ್ಕಿತು. ಇನ್ನು ಮುಂದೆ ಅಪ್ಪ ಅತ್ತೆಯ ಮನೆಯಲ್ಲೇ ಇರಲಿ, ಕರೆದು ತರುವ ಮಾತು ಬೇಡ ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು. ಆಟೋ ತಿರುವು ದಾಟಿದ ಮೇಲೆ ಒಳಗೆ ಬಂದು ಮಿಷನಿನ ಮೇಲೆ ತಲೆಯಿಟ್ಟು ಅತ್ತಳು. ಮಾತು ಆಡಿದರೆ ಹೋಯಿತು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಮ್ಮಣಿಗೆ ಉಪ್ಪಳದ ಪೇಟೆಯಲ್ಲಿ ಸಣ್ಣ ಊಟದ ಹೋಟೆಲು. ಗಂಡ ತೀರಿದ ಮೇಲೆ ಅದರಲ್ಲೇ ಬದುಕು ಕಟ್ಟಿದವಳು, ಅವಳ ಬಂಗುಡೆ ಮೀನಿನ ಪುಳಿಮುಂಚಿ ಸಾರಿಗೆ ಲಾರಿಯವರು ಬ್ರೇಕ್ ಹಾಕುತ್ತಾರೆ. ತಮ್ಮ ಬಂದನೆಂದು ಆಕೆ ಬೆಳಿಗ್ಗೆ ಮಧ್ಯಾಹ್ನ ಎನ್ನದೆ ಮೀನು ಬಡಿಸಿದಳು. ಆ ವಾರ ಮುಗಿಯುವ ಮೊದಲೇ ದಮಯಂತಿಗೆ ಫೋನು ಬಂತು. ಅವನಿಗೆ ಚಹಾದ ಗ್ಲಾಸು ಎತ್ತಲೂ ಆಗುತ್ತಿಲ್ಲ, ಎದ್ದರೆ ಕಾಲು ನೆಲಕ್ಕೆ ಅಂಟಿದಂತೆ ನಿಲ್ಲುತ್ತಾನೆ, ಬೇಗ ಬಾ ಎಂದಳು ಅಮ್ಮಣಿ.

ಹೋಟೆಲಿನ ಮೂಲೆಯ ಬೆಂಚಿನಲ್ಲಿ ಚೆನ್ನಯ್ಯ ಅದೇ ಗೋಡೆಯ ಮುಖ ಹೊತ್ತು ಕೂತಿದ್ದ, ಅಕ್ಕನ ಎದುರೇ. ದಮಯಂತಿಗೆ ಮೊದಲು ಆದದ್ದು ಸಮಾಧಾನ, ಅವಳ ಹತ್ತಿರವೂ ಇವರು ನಗುವುದಿಲ್ಲವಲ್ಲ ಎಂದು. ಮರುಕ್ಷಣ ಆ ಸಮಾಧಾನಕ್ಕೇ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಹೆದರಿಕೆ ಬಂತು. ಅವನ ಅಂಗಿಯ ಮೇಲೆ ಚಹಾ ಚೆಲ್ಲಿತ್ತು. ಸೆರಗಿನಿಂದ ಒರಸಿದಳು, ಅವನು ತಡೆಯಲಿಲ್ಲ.

ಜಿತೇಂದ್ರನ ಆಟೋದಲ್ಲಿ ಎಲ್ಲರೂ ಕಾಸರಗೋಡಿಗೆ ಹೋದರು. ನರರೋಗದ ಡಾಕ್ಟರು ಶ್ರೀರಂಜಿನಿ, ಇನ್ನೂ ಚಿಕ್ಕ ಪ್ರಾಯದವರು. ಚೆನ್ನಯ್ಯನ ಕೈ ಮಡಚಿ ಬಿಡಿಸಿ ನೋಡಿದರು, ನಡೆಸಿ ನೋಡಿದರು. ಮಾತ್ರೆ ಹೆಚ್ಚಿಸಬೇಕಾದೀತು ಎಂದು ಚೀಟಿ ಎಳೆದುಕೊಂಡವರು ಸುಮ್ಮನೆ ಕೇಳಿದರು, ಎಲ್ಲ ದಿನವೂ ಹೀಗೆಯೇ ಇರುತ್ತಾರಾ, ಒಳ್ಳೆಯದಿರುವ ದಿನವೂ ಉಂಟಾ ಎಂದು.

"ಸೋಮವಾರ," ಎಂದಳು ದಮಯಂತಿ. ಬಾಯಿಗೆ ಬಂದದ್ದನ್ನು ನುಂಗಲಾಗಲಿಲ್ಲ. "ಇವರ ಅಕ್ಕ ಬರುವ ದಿನ."

ಅಮ್ಮಣಿ ತಿರುಗಿ ನೋಡಿದಳು. ತಮ್ಮನ ಹೆಂಡತಿಯ ಮನಸ್ಸಿನೊಳಗೆ ಏನು ಕುದಿಯುತ್ತಿತ್ತು ಎಂಬುದು ಅವಳಿಗೆ ಗೊತ್ತಾದದ್ದು ಆಗಲೇ. ಕೋಪ ಬರಬೇಕಾಗಿತ್ತು, ಬಂದದ್ದು ಸಂಕಟ.

"ನಾನು ಬರುದು ಹೋಟೆಲಿಗೆ ರಜೆ ಅಂತ ದಮಯಂತಿ," ಎಂದಳು. "ಸೋಮವಾರ ಮೀನು ತಿನ್ಲಿಕ್ಕೆ ಯಾರು ಬರ್ತಾರೆ?"

ಡಾಕ್ಟರು ಪೆನ್ನು ಕೆಳಗಿಟ್ಟರು. ಬೆಳಿಗ್ಗೆ ಏನು ಕೊಡುತ್ತೀರಿ, ಮಾತ್ರೆ ಯಾವಾಗ ಎಂದು ಒಂದೊಂದಾಗಿ ಕೇಳಿದರು. ದಮಯಂತಿ ದೋಸೆ, ಬೂತಾಯಿ, ಮೊಟ್ಟೆ, ಹಾಲು ಎಂದು ಹೇಳುತ್ತಾ ಹೋದ ಹಾಗೆ ಅವಳ ದನಿ ಸಣ್ಣದಾಯಿತು. ಯಾರೂ ಬೈದಿರಲಿಲ್ಲ, ಡಾಕ್ಟರು ತಲೆಯಾಡಿಸುತ್ತಿದ್ದುದೇ ಸಾಕಾಗಿತ್ತು.

"ಮೀನು, ಮೊಟ್ಟೆಯ ಪ್ರೋಟೀನ್ ಉಂಟಲ್ಲ, ಅದೂ ಈ ಮಾತ್ರೆಯೂ ಮಿದುಳಿಗೆ ಹೋಗುದು ಒಂದೇ ಬಾಗಿಲಿಂದ," ಎಂದರು ಡಾಕ್ಟರು. "ಪ್ರೋಟೀನ್ ಗುಂಪಾಗಿ ನುಗ್ಗಿದರೆ ಮಾತ್ರೆ ಹೊರಗೇ ಬಾಕಿ."

ಮೂಲೆಯಿಂದ ನಿಧಾನವಾಗಿ, ಒಣಗಿದ ದನಿಯೊಂದು ಬಂತು. "ಫುಟ್‌ಬೋರ್ಡಲ್ಲಿ." ಚೆನ್ನಯ್ಯ ಅಂದು ಆಡಿದ ಮೊದಲ ಮಾತು ಅದು. ಡಾಕ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು, ಬಸ್ಸಿನ ಕಂಡಕ್ಟರನೆಂದು ಗೊತ್ತಾದ ಮೇಲೆ ಅವರೂ ನಕ್ಕರು.

ಡೋಪಮಿನ್ ಕೈಕಾಲಿಗೆ ಮಾತ್ರವಲ್ಲ, ಉತ್ಸಾಹಕ್ಕೆ, ಒಂದು ವಿಷಯದಲ್ಲಿ ಮನಸ್ಸು ನಿಲ್ಲುವುದಕ್ಕೆ, ಮುಖದಲ್ಲಿ ನಗು ಮೂಡುವುದಕ್ಕೂ ಬೇಕು ಎಂದು ಅವರು ತಿಳಿಸಿದರು. ಮಾತ್ರೆ ಈಗ ಹೆಚ್ಚಿಸುವುದು ಬೇಡ, ತಿಂಡಿಗಿಂತ ಸಾಕಷ್ಟು ಮೊದಲು ಬರೀ ನೀರಿನಲ್ಲಿ ಕೊಡಿ, ಮೀನು ನಿಲ್ಲಿಸಬೇಡಿ, ರಾತ್ರಿಯ ಊಟಕ್ಕೆ ಇರಲಿ ಎಂದರು. ಕಾಯಿಲೆ ವಾಸಿಯಾಗುತ್ತದೆ ಎಂದು ಮಾತ್ರ ಹೇಳಲಿಲ್ಲ. ಕೇಳುವ ಧೈರ್ಯ ದಮಯಂತಿಗೂ ಇರಲಿಲ್ಲ.

ಹೊರಗಿನ ವರಾಂಡದಲ್ಲಿ ದಮಯಂತಿ ಹಿಂದೆ ಉಳಿದಳು. ನಾನೇ ತಿನ್ನಿಸಿ ತಿನ್ನಿಸಿ ಗಂಡನ ಬಾಯಿ ಕಟ್ಟಿದೆನಲ್ಲ ಎಂದು ಕಂಬಕ್ಕೆ ಒರಗಿ ನಿಂತಳು. ಅಮ್ಮಣಿ ಅವಳ ಕೈ ಹಿಡಿದಳು. ನಾನೂ ತಿನ್ನಿಸಿದವಳೇ, ಕೊಟ್ಟದ್ದು ಮೀನು, ವಿಷವಲ್ಲ ಎಂದಳು. ಚೆನ್ನಯ್ಯನ ಚೀಲ ಮೊಗ್ರಾಲಿಗೇ ಹೋಗಬೇಕೆಂದು ಜಿತೇಂದ್ರನಿಗೆ ಅಪ್ಪಣೆ ಕೊಟ್ಟವಳೂ ಅವಳೇ.

ಮೊದಲ ಬೆಳಿಗ್ಗೆ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಆಮೇಲೆ ಸೋಮವಾರ ಬಂತು, ಅಮ್ಮಣಿ ಬಂದಳು, ಅವನು ನಕ್ಕ. ಅದು ಲೆಕ್ಕಕ್ಕಿಲ್ಲ. ದಮಯಂತಿಗೆ ಬೇಕಾಗಿದ್ದುದು ಮಂಗಳವಾರ.

ಅಂದು ಬೆಳಿಗ್ಗೆ ಎದ್ದೊಡನೆ ಮಾತ್ರೆ ಕೊಟ್ಟಳು. ಎಷ್ಟೋ ಹೊತ್ತಿನ ಮೇಲೆ ದೋಸೆ, ಕಾಯಿಬೆಲ್ಲ. ಮೀನಿನವಳಿಂದ ತೆಗೆದುಕೊಂಡ ಬೂತಾಯಿ ರಾತ್ರಿಗೆಂದು ಅಡುಗೆಮನೆಯಲ್ಲಿತ್ತು. ಚೆನ್ನಯ್ಯ ಜಗಲಿಯ ಬೆಂಚಿನಲ್ಲಿ ಹೆದ್ದಾರಿಯ ಬಸ್ಸಿನ ಸದ್ದು ಕೇಳುತ್ತಾ ಕೂತಿದ್ದ. ಇವಳು ಹೊಲಿಯುವುದನ್ನು ಬಿಟ್ಟು ಬಾಗಿಲಿಗೆ ಬಂದು, ಜಗಲಿಯ ಕಂಬ ಹಿಡಿದು, ಅವನ ಮುಖವನ್ನೇ ನೋಡುತ್ತಾ ನಿಂತಳು. ಅವನನ್ನು ಕಳಿಸಿದ್ದನ್ನು ನೆನೆದು ರಾತ್ರಿಯೆಲ್ಲ ಅತ್ತು ಅವಳ ಮುಖ ಊದಿಕೊಂಡಿತ್ತು. ಚೆನ್ನಯ್ಯ ತಲೆ ತಿರುಗಿಸಿ ಅವಳನ್ನು ನೋಡಿದ, ಕಂಬವನ್ನು ನೋಡಿದ. ಬಾಯಿಯ ಒಂದು ಕೊನೆ ಮೇಲೆ ಸರಿಯಿತು.

"ಮುಖ ಊದಿಸಿದವರಿಗೆ ಸೀಟಿಲ್ಲ," ಎಂದ.

ದಮಯಂತಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಸೆರಗಿನಲ್ಲಿ ಮುಖ ಒರಸಿಕೊಂಡು, ಇಷ್ಟು ಕಾಲ ನನ್ನ ಎದುರು ಒಂದು ಸಲವಾದರೂ ನಕ್ಕಿದ್ದರೆ ನಾನು ಹಾಗೆ ಕಳಿಸುತ್ತಿದ್ದೆನಾ ಎಂದು ಕೇಳಿದಳು. ಚೆನ್ನಯ್ಯ ಉತ್ತರಕ್ಕೆ ಸ್ವಲ್ಪ ಹೊತ್ತು ತೆಗೆದುಕೊಂಡ. ಈ ಸಲ ಅವಳು ಕಾದಳು.

"ನಗ್ತಾ ಇದ್ದೆ ಮಾರಾಯ್ತಿ," ಎಂದ. "ನೀನು ಹೇಳಿದ್ದಕ್ಕೆಲ್ಲ ಒಳಗೆ ನಗ್ತಾನೇ ಇದ್ದೆ. ಮುಖಕ್ಕೆ ಬರ್ತಾ ಇರ್ಲಿಲ್ಲ."

ಅವನು ಬೆಂಚಿನಲ್ಲಿ ಮೆಲ್ಲನೆ ಒಂದಿಷ್ಟು ಸರಿದ. ದಮಯಂತಿ ಕಂಬ ಬಿಟ್ಟು ಬಂದು ಅವನ ಪಕ್ಕದಲ್ಲಿ ಕೂತಳು.