ಒಳಗೆ ಬಿಟ್ಟ ಎರಡು ಬೆರಳು ಬಟ್ಟೆ

ನನ್ನ ಗಂಡ ದರ್ಜಿ, ನಾನು ಬಸ್ ಡ್ರೈವರ್. ಇಬ್ಬರಲ್ಲಿ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ನಾನು. ಡಿಪೋದಲ್ಲಿ ನನಗೆ ‘ಹಾರ್ನಕ್ಕ’ ಅಂತಲೇ ಹೆಸರು. ಅವರು ಇದಕ್ಕೆ ತದ್ವಿರುದ್ಧ. ಜಗಳ ಶುರುವಾಗುತ್ತದೆ ಅನ್ನುವಾಗ ನಾಲ್ಕು ಗುಂಡುಸೂಜಿ ತೆಗೆದು ತುಟಿಯಲ್ಲಿ ಕಚ್ಚಿಕೊಂಡು ಮಿಷನ್ನಿನ ಮುಂದೆ ಕೂತುಬಿಡುತ್ತಾರೆ. ಬಾಯಲ್ಲಿ ಸೂಜಿ ಇರುವವರ ಹತ್ತಿರ ಏನು ಉತ್ತರ ಕೇಳೋದು? ಇಪ್ಪತ್ತೆರಡು ವರ್ಷದಿಂದ ನಾನು ಗೋಡೆಯ ಜೊತೆ ಜಗಳ ಆಡಿಕೊಂಡು ಬಂದಿದ್ದೇನೆ.

ಅವರ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಯಿತು. ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ದಿನಕ್ಕೆ ನಾಲ್ಕು ಲೋಟ ನೀರು, ಅದರ ಮೇಲೆ ಒಂದು ಗುಟುಕೂ ಇಲ್ಲ. ನನ್ನ ರಕ್ತ ಅವರಿಗೆ ಹೊಂದುತ್ತದೆ ಎಂದು ಗೊತ್ತಾದ ದಿನ ಡಾಕ್ಟರ ಎದುರಿಗೇ ಹೇಳಿಬಿಟ್ಟೆ, “ನನ್ನದು ಒಂದು ತೆಗೆದು ಇವರಿಗೆ ಹಾಕಿ.” ನನ್ನ ಗಂಡ ಏನೋ ಹೇಳಲು ಬಾಯಿ ತೆರೆದರು. “ನೀವು ಸುಮ್ನಿರಿ” ಅಂದೆ. ಕಾಗದದಲ್ಲಿ ನಾನು ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸಹಿ ಹಾಕಿದರು.

ಅಡ್ಡ ಬಂದದ್ದು ನನ್ನ ಮೈ. ಹಗಲೆಲ್ಲ ಸೀಟಿನಲ್ಲಿ ಕೂರುವ ಕೆಲಸ, ಟ್ರಿಪ್ಪಿಗೊಂದು ಟೀ, ಟೀಗೊಂದು ಬನ್ನು. ಎಂಟು ಕಿಲೋ ಇಳಿಸಿಕೊಂಡು ಬನ್ನಿ, ಆಮೇಲೆ ಮುಂದಿನ ಮಾತು ಎಂದರು ಡಾಕ್ಟರು. ಮೂರು ತಿಂಗಳು ಗಡುವು. ಗಂಡನ ಹೃದಯವೂ ಸೋಲುತ್ತಿದೆಯಂತೆ, ತುಂಬಾ ದಿನ ಕಾಯುವ ಹಾಗಿಲ್ಲ ಎಂದು ನನ್ನನ್ನು ಪಕ್ಕಕ್ಕೆ ಕರೆದು ಬೇರೆ ಹೇಳಿದರು.

ಮನೆಯಲ್ಲಿ ತೂಕದ ಮಿಷನ್ ಇತ್ತು. ಮೈಯಲ್ಲಿ ನೀರು ಎಷ್ಟು ನಿಂತಿದೆ ಎಂದು ಅವರು ದಿನಾ ಬೆಳಿಗ್ಗೆ ನೋಡಿಕೊಳ್ಳಬೇಕಲ್ಲ, ಅದಕ್ಕೆ. ಮೊದಲ ವಾರ ನಾನು ದಿನಕ್ಕೆ ಹತ್ತು ಸಲ ಅದರ ಮೇಲೆ ಹತ್ತಿ, ಹತ್ತು ಸಲವೂ ಅದನ್ನು ಬೈದೆ. ಆಹಾರ ಹೇಳಿಕೊಡುವ ಹುಡುಗಿಗೆ ಆಸ್ಪತ್ರೆಯಲ್ಲಿ ಇದನ್ನು ಹೇಳಿದಾಗ ಅವಳು ನಕ್ಕು, “ದಿನಾ ತೂಕ ನೋಡ್ಬೇಡಿ ಅಕ್ಕ, ಮನಸ್ಸು ಕೆಡುತ್ತೆ. ಬಟ್ಟೆ ಸಡಿಲ ಆಗ್ತಿದ್ಯಾ ನೋಡ್ಕೊಳ್ಳಿ, ಸಾಕು” ಅಂದಳು. ಗಂಡನೂ ಪಕ್ಕದಲ್ಲೇ ಇದ್ದರು. ಮನೆಗೆ ಬಂದವರೇ ತೂಕದ ಮಿಷನ್ನನ್ನು ತಮ್ಮ ಹೊಲಿಗೆ ಮಿಷನ್ನಿನ ಕೆಳಗೆ ತಳ್ಳಿ, “ಪಾಪ, ಅದಕ್ಕೂ ಸ್ವಲ್ಪ ನೆಮ್ಮದಿ ಇರಲಿ” ಅಂದರು. ಆವತ್ತು ನಾನೂ ನಕ್ಕಿದ್ದೆ.

ಬನ್ನು ಬಿಟ್ಟೆ. ಟೀಗೆ ಸಕ್ಕರೆ ಬಿಟ್ಟೆ. ಟ್ರಿಪ್ಪು ಮುಗಿದಾಗಲೆಲ್ಲ ಡಿಪೋದ ಸುತ್ತ ಬಿರಬಿರನೆ ನಡೆದೆ. ತಿಂಗಳಾಗುವಷ್ಟರಲ್ಲಿ ಯೂನಿಫಾರಂ ಪ್ಯಾಂಟು ಸೊಂಟದಲ್ಲಿ ಸಡಿಲವಾಯಿತು. ಇನ್ನು ಹದಿನೈದು ದಿನಕ್ಕೆ ಒಂದು ಬೆರಳು ಆರಾಮಾಗಿ ಒಳಗೆ ಹೋಗುತ್ತಿತ್ತು. “ಹಾರ್ನಕ್ಕ ಸಣ್ಣ ಆದ್ರು, ಸೌಂಡ್ ಮಾತ್ರ ಹಾಗೇ ಇದೆ” ಎಂದ ನನ್ನ ಕಂಡಕ್ಟರು. ಖುಷಿಗೆ ಆವತ್ತೊಂದು ಬನ್ನು ತಿಂದೆ. ಪ್ಯಾಂಟು ಹೇಗೂ ಸಡಿಲ ಆಗುತ್ತಲೇ ಇತ್ತಲ್ಲ, ಮಾರನೇ ದಿನವೂ ತಿಂದೆ. ಎರಡೇ ತಿಂಗಳಲ್ಲಿ ನಾನು ಸಕ್ಕರೆಗೂ ವಾಪಸ್ ಬಂದಿದ್ದೆ. ನನ್ನ ಮೈಯೇ ವಿಶೇಷ, ತಿಂದರೂ ಇಳಿಯುತ್ತದೆ ಎಂದು ಒಳಗೊಳಗೇ ಉಬ್ಬಿಹೋಗಿದ್ದೆ.

ಗಡುವಿನ ದಿನ ಅವರ ಡಯಾಲಿಸಿಸ್ಸೂ ಇತ್ತು. ಅವರನ್ನು ವಾರ್ಡಿನಲ್ಲಿ ಮಲಗಿಸಿ ನಾನು ಆಹಾರ ಹೇಳಿಕೊಡುವ ಹುಡುಗಿಯ ಕೋಣೆಗೆ ಹೋಗಿ ತೂಕದ ಮಿಷನ್ ಹತ್ತಿದೆ.

ಎರಡು ಕಿಲೋ ಹೆಚ್ಚಾಗಿತ್ತು.

“ನಿಮ್ಮ ಮಿಷನ್ ಕೆಟ್ಟಿದೆ” ಅಂದೆ. ಅವಳು ತಾನೇ ಹತ್ತಿ ತೋರಿಸಿದಳು, ಸರಿಯಾಗಿತ್ತು. ಪಕ್ಕದ ಕೋಣೆಯ ಮಿಷನ್ ತರಿಸಿದೆ, ಅದೂ ಅದನ್ನೇ ಹೇಳಿತು. ಪ್ಯಾಂಟಿನ ಪಟ್ಟಿಯನ್ನು ಎಳೆದು ಹಿಡಿದು, “ಇದೇನು ಹಾಗಾದ್ರೆ? ನೋಡಮ್ಮಾ, ಕೈಯೇ ಒಳಗೆ ಹೋಗುತ್ತೆ!” ಎಂದು ಕೂಗಿದೆ. ಅವಳು ಟೇಪು ತಂದು ನನ್ನ ಸೊಂಟ ಅಳೆದು, ಹಳೆಯ ಹಾಳೆ ತಿರುವಿ ನೋಡಿ, ಮೆಲ್ಲಗೆ ಹೇಳಿದಳು. “ಸೊಂಟ ಕಡಿಮೆ ಆಗಿಲ್ಲ ಅಕ್ಕ, ಒಂಚೂರು ಹೆಚ್ಚಾಗಿದೆ. ಪ್ಯಾಂಟ್ ಹೇಗೆ ಸಡಿಲ ಆಯ್ತೋ ಗೊತ್ತಿಲ್ಲ.”

ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿ ಪ್ಯಾಂಟು ಬಿಚ್ಚಿ ಒಳಮೈ ಹೊರಗೆ ಮಾಡಿದೆ. ಯಾವ ಬಟ್ಟೆ ಹೊಲಿದರೂ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಡುವುದು ನನ್ನ ಗಂಡನ ಪದ್ಧತಿ. ಗಿರಾಕಿ ಮುಂದೆ ದಪ್ಪ ಆದರೆ ಬಿಚ್ಚಿ ಕೊಡಬಹುದು, ಬಟ್ಟೆ ವ್ಯರ್ಥ ಆಗಬಾರದು ಅನ್ನುತ್ತಾರೆ. ಬಿಚ್ಚಿ ಬಿಚ್ಚಿ ಆ ಎರಡು ಬೆರಳು ಈಗ ಮುಗಿದುಹೋಗಿತ್ತು. ಹಳೆಯ ಹೊಲಿಗೆಯ ತೂತುಗಳು ಒಂದರ ಪಕ್ಕ ಒಂದು ನಾಲ್ಕು ಸಾಲು ಕಾಣುತ್ತಿದ್ದವು. ಕಡೆಯ ಸಾಲಿನ ದಾರ ಹೊಚ್ಚ ಹೊಸದು. ವಾರವಾರ ಯೂನಿಫಾರಂ ಒಗೆದು ಇಸ್ತ್ರಿ ಮಾಡಿಡುತ್ತಿದ್ದವರು ಅವರೇ. ನಾನು ಎಂಥಾ ಪುಣ್ಯವಂತೆ ಎಂದು ಡಿಪೋದಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ.

ಪಿತ್ತ ನೆತ್ತಿಗೇರಿತು. ವಾರ್ಡಿಗೆ ನುಗ್ಗಿದೆ. ಅಲ್ಲಿ ನೋಡಿದರೆ ಎಡಗೈಗೆ ಎರಡು ಸೂಜಿ ಚುಚ್ಚಿಸಿಕೊಂಡು ಕಣ್ಣು ಮುಚ್ಚಿ ಮಲಗಿದ್ದಾರೆ. ಅವರ ರಕ್ತ ಹೊರಗೆ ಪೈಪಿನಲ್ಲಿ ಓಡುತ್ತಿದೆ. ರಕ್ತ ಮೈಯಿಂದ ಹೊರಗಿರುವ ಮನುಷ್ಯನ ಜೊತೆ ಹೇಗೆ ಜಗಳ ಆಡೋದು? ಇನ್ನೂ ಎರಡೂವರೆ ಗಂಟೆ ಬಾಕಿ ಇತ್ತು. ಹಲ್ಲು ಕಚ್ಚಿಕೊಂಡು ಸ್ಟೂಲಿನ ಮೇಲೆ ಕೂತೆ. ಜೀವಮಾನದಲ್ಲಿ ಅಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡು ಕೂತದ್ದಿಲ್ಲ.

ಒಂದು ಗಂಟೆ ಆದಮೇಲೆ ಅವರು ಕಣ್ಣು ಬಿಟ್ಟು ನನ್ನ ಮುಖ ನೋಡಿದರು.

“ಇಷ್ಟು ಸುಮ್ನೆ ಕೂತಿದೀಯ ಅಂದ್ರೆ, ಗೊತ್ತಾಯ್ತು ಅಂತ ಕಾಣುತ್ತೆ.”

“ಇದು ಮುಗೀಲಿ, ಮನೆಗೆ ನಡೀರಿ” ಅಂದೆ.

ಮನೆ ಬಾಗಿಲು ಹಾಕಿದ್ದೇ ತಡ, ಪ್ಯಾಂಟು ಬಿಚ್ಚಿ ಅವರ ಹೊಲಿಗೆ ಮಿಷನ್ನಿನ ಮೇಲೆ ಬಿಸಾಕಿ ಹಳೇ ನೈಟಿ ಸಿಕ್ಕಿಸಿಕೊಂಡೆ. ಅವರ ಕೈ ತಾನಾಗಿಯೇ ಸೂಜಿಡಬ್ಬಿಯ ಕಡೆ ಹೋಯಿತು. ಡಬ್ಬಿಯನ್ನು ಕಿತ್ತುಕೊಂಡೆ.

“ಇವತ್ತು ಬಾಯಿಗೆ ಸೂಜಿ ಇಲ್ಲ. ಮಾತಾಡ್ರಿ! ಮೂರು ತಿಂಗಳು ಹೋಯ್ತು. ಮೂರು ತಿಂಗಳು! ಡಾಕ್ಟ್ರು ಏನಂದ್ರು ಗೊತ್ತಾ? ಕಾಯೋಕಾಗಲ್ಲ ಅಂದ್ರು. ನನ್ನ ಕಣ್ಣಿಗೇ ಮಣ್ಣೆರಚಿದ್ರಲ್ಲ, ನಿಮಗೆ ನಾನೇನು ಮಾಡಿದ್ದೆ?”

“ಮಾಡಿಲ್ಲ. ಕೇಳಿಲ್ಲ” ಅಂದರು.

“ಏನು ಕೇಳಿಲ್ಲ?”

“ನನ್ನನ್ನ.” ಅವರು ಧ್ವನಿ ಏರಿಸಿದ್ದನ್ನು ನಾನು ಆವತ್ತೇ ಮೊದಲು ಕೇಳಿದ್ದು. “ಬಸ್ಸಿಗೆ ಹತ್ತಿಸಿ ಬಾಗಿಲು ಹಾಕ್ಕೊಂಡು ಹೊರಟೇಬಿಟ್ಟೆ ಕಣೇ ನೀನು. ಎಲ್ಲಿಗೆ ಹೋಗ್ಬೇಕು ಅಂತ ಒಂದು ಮಾತು ಕೇಳಿದ್ಯಾ? ಬೇಡ ಅನ್ನೋಕೆ ಹೋದೆ, ಸುಮ್ನಿರಿ ಅಂದೆ. ನಿನ್ನ ಹತ್ರ ಬಾಯಲ್ಲಿ ಗೆಲ್ಲೋರು ಯಾರಿದ್ದಾರೆ? ನನಗೆ ಗೊತ್ತಿರೋದು ಹೊಲಿಗೆ ಒಂದೇ. ನಾನು ಬದುಕ್ಬೇಕು ಅಂತ ನಿನ್ನ ಮೈಗೆ ಕತ್ತರಿ ಹಾಕಿಸ್ಬೇಕಾ? ನಿನಗೇನಾದ್ರೂ ಆದ್ರೆ ಆ ಕಿಡ್ನಿ ಇಟ್ಕೊಂಡು ನಾನು ಏನು ಮಾಡ್ಲಿ?”

“ನೀವು ಹೋದ್ರೆ ನಾನು ಎರಡು ಇಟ್ಕೊಂಡು ಏನು ಮಾಡ್ಲಿ?” ಎಂದು ಕಿರುಚಿದೆ. “ನನ್ನ ಪ್ಯಾಂಟು ಯಾರು ಹೊಲೀತಾರೆ?”

ಎಂಥಾ ಮಾತು! ಹೇಳಬೇಕು ಅಂದುಕೊಂಡದ್ದು ಏನೇನೋ, ಬಾಯಿಂದ ಬಿದ್ದದ್ದು ಇದು. ಅದಾದಮೇಲೆ ತಡೆಯಲಾಗಲಿಲ್ಲ. ಕತ್ತರಿಸಿದ ಬಟ್ಟೆ ಚೂರುಗಳ ಮಧ್ಯೆ ನೆಲದ ಮೇಲೆ ಕೂತು ಗೊಳೋ ಎಂದು ಅತ್ತೆ. ಅವರ ಮೇಲಿನ ಸಿಟ್ಟಿಗಿಂತ ನನ್ನ ಮೇಲೇ ಹೆಚ್ಚು ಸಿಟ್ಟಿತ್ತು. ಹೌದು, ನಾನು ಕೇಳಿರಲಿಲ್ಲ. ಬಸ್ಸಿನಲ್ಲಿ ಮುದುಕರು ಹತ್ತಿದರೆ ಎಲ್ಲಿ ಇಳೀಬೇಕಜ್ಜ ಎಂದು ಕೇಳುತ್ತೇನೆ. ಇವರನ್ನು ಕೇಳಿರಲಿಲ್ಲ.

ಮೂಗು ಒರೆಸಿಕೊಂಡು ಕೇಳಿದೆ. ನನ್ನ ಧ್ವನಿಯಲ್ಲಿ ಇನ್ನೂ ಸಿಟ್ಟೇ ಇತ್ತು, ಅದನ್ನು ತೆಗೆದಿಟ್ಟು ಮಾತಾಡುವುದು ನನಗೆ ಬರುವುದಿಲ್ಲ.

“ಈಗ ಕೇಳ್ತಿದೀನಿ. ರೀ, ನಿಮಗೆ ನನ್ನ ಕಿಡ್ನಿ ಬೇಕಾ, ಬೇಡ್ವಾ? ಬೇಡ ಅಂದ್ರೆ ಇನ್ನೊಂದು ಸಲ ಎತ್ತಲ್ಲ.”

“ಭಯ ಆಗುತ್ತೆ ಕಣೇ” ಅಂದರು.

“ನನಗೂ ಆಗುತ್ತೆ. ಅದು ಉತ್ತರ ಅಲ್ಲ.”

ಅವರು ಎಡಗೈಯ ಬ್ಯಾಂಡೇಜು ಸವರಿಕೊಂಡರು. ನಾನು ಕಾದೆ. ಕೊನೆಗೆ ಪ್ಯಾಂಟನ್ನು ಹತ್ತಿರ ಎಳೆದುಕೊಂಡು ಕಡೆಯ ಸಾಲಿನ ದಾರವನ್ನು ಬ್ಲೇಡಿನಿಂದ ಬಿಚ್ಚಿದರು. ಸೀಮೆಸುಣ್ಣದಲ್ಲಿ ಒಳಗಡೆ ಹೊಸ ಗೆರೆ ಎಳೆದರು, ಹಳೆಯ ಅಳತೆಗಿಂತಲೂ ಬಹಳ ಒಳಗೆ. ಎಂಟು ಕಿಲೋ ಇಳಿದ ನನ್ನ ಸೊಂಟ ಎಷ್ಟಿರುತ್ತದೆ ಎಂದು ಅವರು ಟೇಪು ಹಿಡಿಯದೆಯೇ ಲೆಕ್ಕ ಹಾಕಿದ್ದರು. ಗೆರೆಯ ಮೇಲೆ ಎರಡು ಸಲ ಮಿಷನ್ ಓಡಿಸಿದರು. ಆಮೇಲೆ ದೊಡ್ಡ ಕತ್ತರಿ ತೆಗೆದುಕೊಂಡು, ಹೊಲಿಗೆಯ ಹೊರಗೆ ಉಳಿದ ಅಷ್ಟೂ ಬಟ್ಟೆಯನ್ನು ಕತ್ತರಿಸಿ ನೆಲಕ್ಕೆ ಹಾಕಿದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಹಾಗೆ ಬಟ್ಟೆ ಕತ್ತರಿಸಿದ್ದನ್ನು ನಾನು ನೋಡಿರಲಿಲ್ಲ. ಇನ್ನೊಂದು ಪ್ಯಾಂಟನ್ನೂ ಕೇಳಿ ತೆಗೆದುಕೊಂಡರು.

ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ ಪ್ಯಾಂಟಿನ ಗುಂಡಿ ಹಾಕಲು ಬರಲೇ ಇಲ್ಲ. ಉಸಿರು ಒಳಗೆ ಎಳೆದುಕೊಂಡೆ, ಕುಣಿದೆ, ಬೈದೆ. ತೂಕದ ಮಿಷನ್ ಹೊಲಿಗೆ ಮಿಷನ್ನಿನ ಕೆಳಗಿನಿಂದ ಬಂದು ನಡುಮನೆಯಲ್ಲಿ ಕೂತಿತ್ತು.

“ರೀ, ಇದು ಆಗಲ್ಲ. ಒಂದು ಬೆರಳಷ್ಟಾದ್ರೂ ಬಿಚ್ಚಿಕೊಡಿ.”

“ಬಿಚ್ಚೋಕೆ ಒಳಗೆ ಬಟ್ಟೆ ಇಲ್ಲ ಕಣೇ” ಅಂದರು. “ಬೇಗ ಇಳಿಸು.”

ಗುಂಡಿ ಹಾಕದೆಯೇ ಬೆಲ್ಟು ಬಿಗಿದು, ಶರ್ಟನ್ನು ಮೇಲೆ ಇಳಿಬಿಟ್ಟುಕೊಂಡು ಡಿಪೋಗೆ ಹೋದೆ. ನಡೆದುಕೊಂಡೇ ಹೋದೆ.